ಮುಷ್ಕರವೂ ಪ್ರಯಾಣಿಕನೂ

ಬಹಳ ವರ್ಷಗಳ ಹಿಂದಿನ ಮಾತು. ಮುಂಬಯಿಯ ವಿಮಾನನಿಲ್ದಾಣದಲ್ಲಿ ಒಂದು ರಾತ್ರಿಯನ್ನೆಲ್ಲ ನಾನು ಬೆಂಚಿನ ಮೇಲೆ ಕಳೆಯಬೇಕಾಯಿತು. ಬೆಂಗಳೂರಿಗೆ ಹೊರಡಬೇಕಾಗಿದ್ದ ವಿಮಾನ ಹೊರಡಲಿಲ್ಲ. ಚಾಲಕರು ಮುಷ್ಕರ ಹೂಡಿದ್ದರು. ನನ್ನ ಪಕ್ಕದಲ್ಲಿ ಧಾರವಾಡದ ಕಡೆಯ ವೃದ್ಧೆಯೊಬ್ಬರು ಕುಳಿತಿದ್ದರು. ಮಗಳ ಬಾಣಂತನಕ್ಕೆಂದು ಹೊರಟವರು. ಮುಂಬಯಿಯಲ್ಲಿದ್ದ ಮಗ ಕೂಡಿಟ್ಟ ಹಣದಲ್ಲಿ ಟಿಕೇಟು ಕೊಡಿಸಿದ್ದ. ಅವರು ಗಂಟೆಗೊಮ್ಮೆ ಎದ್ದು ಕೌಂಟರಿನ ಬಳಿ ಹೋಗುವರು. ಅಲ್ಲಿದ್ದ ಹುಡುಗ ಪ್ರತಿಸಲವೂ ಒಂದೇ ಮಾತು ಹೇಳುವನು: “ಮುಷ್ಕರ ಅಮ್ಮಾ, ನಮ್ಮ ಕೈಯಲ್ಲಿ ಏನೂ ಇಲ್ಲ.” ನಾಲ್ಕನೆಯ ಸಲವೋ ಐದನೆಯ ಸಲವೋ ಆ ತಾಯಿ ಕೇಳಿದರು: “ನಿಮ್ಮ ಕೈಯಾಗ ಇಲ್ಲಂದ್ರ ಮತ್ತ ಯಾರ ಕೈಯಾಗ ಐತೋ ತಮ್ಮಾ? ಅವರೂ ನಿಮ್ಮ ಮಂದಿನ ಅಲ್ಲೇನು?” ಹುಡುಗ ಉತ್ತರ ಹೇಳಲಿಲ್ಲ.

ಇತಿಹಾಸದ ಮೇಷ್ಟರಾದ ನನಗೆ ಅಂದು ಅದು ಬೇಸತ್ತ ಜೀವದ ಮಾತಾಗಿ ಮಾತ್ರ ಕೇಳಿಸಿತು. ಅದರೊಳಗೆ ಒಂದು ಕಾನೂನಿನ ಪ್ರಶ್ನೆ ಅಡಗಿದೆಯೆಂದೂ, ಯೂರೋಪಿನ ನ್ಯಾಯಾಧೀಶರು ಅದರ ಮೇಲೆ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುವರೆಂದೂ ನನಗೆ ಆಗ ಹೊಳೆಯಲಿಲ್ಲ. “ನಮ್ಮ ಕೈಯಲ್ಲಿ ಇಲ್ಲ” ಎಂಬ ಆ ಒಂದು ಮಾತಿಗೂ ಒಂದು ಚರಿತ್ರೆಯಿದೆ.

ಅದು 1929ರಿಂದ ಮೊದಲಾಗುತ್ತದೆ. ಆ ವರ್ಷದ ಅಕ್ಟೋಬರ್ 12ರಂದು ವಾರ್ಸಾ ನಗರದಲ್ಲಿ ಹಲವು ರಾಷ್ಟ್ರಗಳು ಸೇರಿ ವಿಮಾನಸಾರಿಗೆಯ ಬಗ್ಗೆ ಒಂದು ಒಪ್ಪಂದಕ್ಕೆ ಬಂದವು. ಅದರ 19ನೆಯ ವಿಧಿಯು, ವಿಳಂಬದಿಂದ ಪ್ರಯಾಣಿಕನಿಗೆ ಆದ ನಷ್ಟಕ್ಕೆ ಸಾಗಿಸುವವನೇ ಹೊಣೆ ಎಂದಿತು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಮರುವಿಧಿಯಲ್ಲೇ, ನಷ್ಟ ತಪ್ಪಿಸಲು ಬೇಕಾದ ಕ್ರಮಗಳನ್ನೆಲ್ಲ ಕೈಗೊಂಡಿದ್ದೆನೆಂದು, ಅಥವಾ ಕೈಗೊಳ್ಳುವುದು ಅಸಾಧ್ಯವಾಗಿತ್ತೆಂದು ತೋರಿಸಿದರೆ ಅವನು ಹೊಣೆಯಿಂದ ಪಾರು ಎಂದೂ ಬರೆದರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ದೇಶಕ್ಕೂ 1934ರ ಕಾಯಿದೆಯ ಮೂಲಕ ಈ ಒಪ್ಪಂದ ಬಂದಿತು. ಅಂದಿನ ವಿಮಾನವೆಂದರೆ ಮಂಜಿಗೂ ಮಳೆಗೂ ಅಂಜುವ ಹಕ್ಕಿ. ಉದ್ಯಮ ಇನ್ನೂ ಹಸುಗೂಸು. ಅದಕ್ಕೆ ರಕ್ಷಣೆ ಬೇಕೆಂದು ರಾಜ್ಯಗಳು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೂಸು ಬೆಳೆದು ದೊಡ್ಡದಾದ ಮೇಲೂ ತೊಟ್ಟಿಲು ತೂಗುವ ಕೆಲಸ ಮಾತ್ರ ನಿಲ್ಲಲಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದ ಹಳೆಯದರ ಬಹುಭಾಗವನ್ನು ತಿದ್ದಿತಾದರೂ, ವಿಳಂಬದ ಹೊಣೆಯನ್ನು ಕುರಿತ ಈ ವಿನಾಯಿತಿಯನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿತು. ಭಾರತ ಅದನ್ನು ಸೇರಿದ್ದು 2009ರಲ್ಲಿ.

ಯೂರೋಪು ಬೇರೆ ದಾರಿ ಹಿಡಿಯಿತು. ಇರುವ ಆಸನಗಳಿಗಿಂತ ಹೆಚ್ಚು ಟಿಕೇಟು ಮಾರಿ, ಬಂದವರನ್ನು ಬಾಗಿಲಲ್ಲೇ ತಡೆಯುವ ಚಾಳಿಯ ವಿರುದ್ಧ ಅಲ್ಲಿ 1991ರಲ್ಲಿಯೇ ಒಂದು ನಿಯಮಾವಳಿ ಬಂದಿತ್ತು. ಅದನ್ನು ವಿಸ್ತರಿಸಿ 2004ರಲ್ಲಿ ಐರೋಪ್ಯ ಒಕ್ಕೂಟ 261ನೆಯ ನಿಯಮಾವಳಿಯನ್ನು ಹೊರಡಿಸಿತು. 2005ರ ಫೆಬ್ರುವರಿ 17ರಿಂದ ಅದು ಜಾರಿಗೆ ಬಂದಿತು. ವಿಮಾನ ರದ್ದಾದರೆ ಪ್ರಯಾಣಿಕನು ಟಿಕೇಟಿನ ಹಣ ಹಿಂದಕ್ಕೆ ಪಡೆಯಬಹುದು, ಇಲ್ಲವೆ ಆದಷ್ಟು ಬೇಗ ಬೇರೆ ಮಾರ್ಗದಿಂದ ಊರು ಸೇರಿಸಿರೆಂದು ಕೇಳಬಹುದು. ಕಾಯುವ ಹೊತ್ತಿಗೆ ಊಟ ಉಪಾಹಾರ, ರಾತ್ರಿಯಾದರೆ ಹೋಟೆಲಿನ ಕೋಣೆ, ಅಲ್ಲಿಗೆ ಹೋಗಿಬರಲು ವಾಹನ, ಎರಡು ದೂರವಾಣಿ ಕರೆ. ಕರೆ ಬೇಡವಾದರೆ ಟೆಲೆಕ್ಸ್ ಕಳುಹಿಸಬಹುದೆಂದೂ ಬರೆದಿದ್ದಾರೆ! 2004ರಲ್ಲಿ ಟೆಲೆಕ್ಸ್ ಹುಡುಕುತ್ತ ಹೋದ ಪ್ರಯಾಣಿಕ ಯಾರಿದ್ದನೋ ಕಾಣೆ. ಇಷ್ಟೆಲ್ಲದರ ಮೇಲೆ, ಹದಿನಾಲ್ಕು ದಿನ ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ದೂರವನ್ನನುಸರಿಸಿ 250, 400 ಅಥವಾ 600 ಯೂರೋ ಪರಿಹಾರ.

ಊಟ, ವಸತಿ, ಹಣದ ಮರುಪಾವತಿ ಅಥವಾ ಬೇರೆ ಪ್ರಯಾಣ, ಇವು ಯಾವ ಕಾರಣಕ್ಕೆ ವಿಮಾನ ನಿಂತರೂ ಸಲ್ಲತಕ್ಕವು. ಮುಷ್ಕರವಾದರೂ ಸರಿ, ಜ್ವಾಲಾಮುಖಿಯಾದರೂ ಸರಿ. ಜಗಳವೆಲ್ಲ ಕೊನೆಯ ಬಾಬ್ತಿನದು. ಎಷ್ಟು ಎಚ್ಚರ ವಹಿಸಿದರೂ ತಪ್ಪಿಸಲಾಗದ ‘ಅಸಾಧಾರಣ ಪರಿಸ್ಥಿತಿ’ ಒದಗಿದ್ದರೆ ಪರಿಹಾರ ಕೊಡಬೇಕಾಗಿಲ್ಲ ಎಂದು ಕಾನೂನು ಹೇಳಿತು. ಅಂಥ ಪರಿಸ್ಥಿತಿ ಯಾವುದು? ಪೀಠಿಕೆಯ 14ನೆಯ ಪರಿಚ್ಛೇದದಲ್ಲಿ ಕೆಲವು ಉದಾಹರಣೆಗಳಿವೆ: ರಾಜಕೀಯ ಅಸ್ಥಿರತೆ, ಹವಾಮಾನ, ಭದ್ರತೆಯ ಅಪಾಯ, ಹಾರಾಟದ ಸುರಕ್ಷತೆಯಲ್ಲಿ ಅನಿರೀಕ್ಷಿತ ದೋಷ, ಸಾಲಿನ ತುದಿಯಲ್ಲಿ ಮುಷ್ಕರ. ಆ ಒಂದು ಪದ ಸಾಕಾಯಿತು. ಕಂಪೆನಿಗಳು ಅದನ್ನು ಗುರಾಣಿಯಂತೆ ಹಿಡಿದವು.

ಗುರಾಣಿ ಒಂದೇ ಏಟಿಗೆ ಒಡೆಯಲಿಲ್ಲ. 2006ರ ಜುಲೈ 28ರಂದು ಬಾರ್ಸಿಲೋನಾ ನಿಲ್ದಾಣದಲ್ಲಿ ಮುಷ್ಕರವಾಯಿತು. ಫಿನ್‌ಲೆಂಡಿನ ಕಂಪೆನಿಯೊಂದು ಉಳಿದುಹೋದವರನ್ನು ಮುಂದಿನ ವಿಮಾನಗಳಲ್ಲಿ ಕೂರಿಸಿ ಕಳುಹಿಸಿತು. ನ್ಯಾಯವಾದ ಏರ್ಪಾಡೇ. ಆದರೆ 30ನೆಯ ತಾರೀಖಿನ ಟಿಕೇಟು ಹಿಡಿದು ಬಂದವನಿಗೆ ಆಸನವಿರಲಿಲ್ಲ. ಮುಷ್ಕರದ ಪರಿಣಾಮವೆಂದು ಕಂಪೆನಿ ವಾದಿಸಿತು. ಮುಷ್ಕರ ಮುಗಿದ ಮೇಲೆ ಹೊರಟ ವಿಮಾನಕ್ಕೆ ಈ ನೆಪ ಸಲ್ಲದು, ಒಬ್ಬನ ನಷ್ಟವನ್ನು ಇನ್ನೊಬ್ಬನ ತಲೆಗೆ ಕಟ್ಟಲಾಗದು ಎಂದು ಐರೋಪ್ಯ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು.

ಎರಡನೆಯ ಪ್ರಕರಣ ಸ್ವಲ್ಪ ನಗೆ ತರಿಸುವಂಥದು. 2016ರ ಸೆಪ್ಟೆಂಬರ್ 30ರಂದು ಜರ್ಮನಿಯ ಟಿಯುಐಫ್ಲೈ ಕಂಪೆನಿ ತನ್ನ ವ್ಯವಹಾರವನ್ನು ಪುನರ್ರಚಿಸುವುದಾಗಿ ಸಿಬ್ಬಂದಿಗೆ ತಿಳಿಸಿತು. ಮರುದಿನದಿಂದಲೇ ಎಲ್ಲರಿಗೂ ಕಾಯಿಲೆ! ಸಾಮಾನ್ಯವಾಗಿ ನೂರಕ್ಕೆ ಹತ್ತು ಮಂದಿ ರಜೆಯಲ್ಲಿರುತ್ತಿದ್ದ ಕಡೆ, ಚಾಲಕರಲ್ಲಿ ನೂರಕ್ಕೆ 89ರವರೆಗೆ, ಕ್ಯಾಬಿನ್ ಸಿಬ್ಬಂದಿಯಲ್ಲಿ 62ರವರೆಗೆ ಹಾಸಿಗೆ ಹಿಡಿದರು. ಅಕ್ಟೋಬರ್ 7ರ ಸಂಜೆ ಆಡಳಿತದವರು ಸಿಬ್ಬಂದಿಯ ಪ್ರತಿನಿಧಿಗಳೊಡನೆ ರಾಜಿಯಾದರು. ಅದಾದ ಕೆಲವೇ ದಿನಗಳಲ್ಲಿ ಕಾಯಿಲೆಯೂ ವಾಸಿಯಾಯಿತು. ಇದು ಯಾವ ಸಂಘವೂ ಕರೆಕೊಡದ ದಿಢೀರ್ ಮುಷ್ಕರ, ನಮಗೇನು ಗೊತ್ತಿತ್ತು ಎಂದಿತು ಕಂಪೆನಿ. 2018ರ ಏಪ್ರಿಲ್ 17ರಂದು ನ್ಯಾಯಾಲಯ ಕೊಟ್ಟ ಉತ್ತರ ಸರಳವಾಗಿತ್ತು. ಪುನರ್ರಚನೆ ಮಾಡಹೊರಟವರು ನೀವು, ಸಿಬ್ಬಂದಿ ಮುನಿದದ್ದು ನಿಮ್ಮ ಮೇಲೆ. ಇದು ವ್ಯಾಪಾರದ ನಿತ್ಯದ ತಾಪತ್ರಯ, ಆಕಾಶದಿಂದ ಬಿದ್ದದ್ದಲ್ಲ.

ಹಾಗಾದರೆ ಸಂಘವೇ ಕ್ರಮಬದ್ಧವಾಗಿ ನೋಟೀಸು ಕೊಟ್ಟು ಹೂಡಿದ ಮುಷ್ಕರ? ಆ ಪ್ರಶ್ನೆ ಉಳಿದಿತ್ತು. 2019ರ ಏಪ್ರಿಲ್ 26ರಿಂದ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮೂರೂ ದೇಶಗಳಲ್ಲಿ ಎಸ್‌ಎಎಸ್ ಕಂಪೆನಿಯ ಚಾಲಕರು ಸಂಬಳ ಮತ್ತು ಕೆಲಸದ ವೇಳೆಯ ವಿಚಾರವಾಗಿ ಕೆಲಸ ನಿಲ್ಲಿಸಿದರು. ಏಳು ದಿನಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸುಮಾರು 3,80,000 ಮಂದಿಯ ಪ್ರಯಾಣ ಕೆಟ್ಟಿತು. ಮೇ 2ರ ಸಂಜೆ ಸಂಬಳ ಏರಿಸುವ ಒಪ್ಪಂದವಾಯಿತು. ಅವರಲ್ಲಿ ಒಬ್ಬ ಪ್ರಯಾಣಿಕ ಏಪ್ರಿಲ್ 29ರಂದು ಮಾಲ್ಮೋದಿಂದ ಸ್ಟಾಕ್‌ಹೋಮಿಗೆ ಹೋಗಬೇಕಾಗಿದ್ದವನು. 250 ಯೂರೋಗಳ ತನ್ನ ಹಕ್ಕನ್ನು, ಇಂಥ ವಸೂಲಿಯನ್ನೇ ಉದ್ಯೋಗ ಮಾಡಿಕೊಂಡ ಒಂದು ಸಂಸ್ಥೆಗೆ ಬಿಟ್ಟುಕೊಟ್ಟ. ವ್ಯಾಜ್ಯ ಸ್ವೀಡನ್ನಿನ ಕೋರ್ಟಿನಿಂದ ಐರೋಪ್ಯ ನ್ಯಾಯಾಲಯದ ಮಹಾಪೀಠದವರೆಗೆ ಹೋಯಿತು. ಮೊತ್ತ ಅಲ್ಪವಾದರೂ ಪಣ ಅಲ್ಪವಾಗಿರಲಿಲ್ಲ. ಎಲ್ಲರಿಗೂ ಕೊಡಬೇಕಾದರೆ ಸುಮಾರು 11 ಕೋಟಿ 70 ಲಕ್ಷ ಯೂರೋ ಆಗುತ್ತದೆಂದು ಕಂಪೆನಿ ಲೆಕ್ಕ ಒಪ್ಪಿಸಿತು.

ಕಂಪೆನಿಯ ವಾದ ತಳ್ಳಿಹಾಕುವಂಥದಲ್ಲ, ನ್ಯಾಯವಾಗಿ ಹೇಳಬೇಕು. ಮುಷ್ಕರ ಹೂಡುವವರು ಅವರು, ನಿಲ್ಲಿಸುವವರೂ ಅವರೇ. ದಂಡ ಮಾತ್ರ ನಮಗೆ. ಸಂಬಳದ ಚೌಕಾಸಿಯಲ್ಲಿ ಒಂದು ಪಕ್ಷದ ಕೈಗೆ ಇದರಿಂದ ಹೆಚ್ಚಿನ ಬಲ ಬರುವುದಿಲ್ಲವೆ ಎಂಬುದು ಅವರ ಅಳಲು. ನ್ಯಾಯಾಲಯಕ್ಕೆ ಸಲಹೆ ನೀಡುವ ಮಹಾನ್ಯಾಯವಾದಿಗಳೂ ಕಂಪೆನಿಯ ಕಡೆಗೇ ಅಭಿಪ್ರಾಯ ಕೊಟ್ಟಿದ್ದರು. ಆದರೂ 2021ರ ಮಾರ್ಚ್ 23ರಂದು ಮಹಾಪೀಠ ಒಪ್ಪಲಿಲ್ಲ. ಮುಷ್ಕರ ಹೂಡುವುದು ಕಾರ್ಮಿಕನ ಮೂಲಭೂತ ಹಕ್ಕು. ಹಕ್ಕೆಂದ ಮೇಲೆ ಅದನ್ನು ಅವನು ಚಲಾಯಿಸುವನೆಂದು ಧಣಿ ನಿರೀಕ್ಷಿಸಲೇಬೇಕು. ನೋಟೀಸು ಬಂದಿತ್ತು, ಸಿದ್ಧವಾಗಲು ಸಾಧ್ಯವಿತ್ತು. ಸಂಬಳದ ಮಾತುಕತೆ ಧಣಿಯ ಮನೆಯೊಳಗಿನ ವ್ಯವಹಾರ. ಅದೇ ವಿಮಾನಸಂಚಾರ ನಿಯಂತ್ರಕರೋ ನಿಲ್ದಾಣದ ನೌಕರರೋ ಮುಷ್ಕರ ಹೂಡಿದರೆ, ಅಥವಾ ಸರ್ಕಾರ ಮಾತ್ರ ಈಡೇರಿಸಬಲ್ಲ ಬೇಡಿಕೆಗಾಗಿ ಹೂಡಿದರೆ, ಆ ಮಾತು ಬೇರೆ, ಅದು ಹೊರಗಿನದು. “ಅವರೂ ನಿಮ್ಮ ಮಂದಿನ ಅಲ್ಲೇನು?” ಎಂದು ಆ ತಾಯಿ ಕೇಳಿದ್ದು ಇದನ್ನೇ ಅಲ್ಲವೆ?

ಈ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಪರಿಹಾರದ ಮೊತ್ತವಲ್ಲ. ಮುಷ್ಕರವಾದಾಗಲೆಲ್ಲ ಪ್ರಯಾಣಿಕರನ್ನು ಕಾರ್ಮಿಕರ ಮೇಲೆ ಎತ್ತಿಕಟ್ಟುವುದು ಹಳೆಯ ಪದ್ಧತಿ. “ನೋಡಿ, ನಿಮ್ಮ ಕಷ್ಟಕ್ಕೆ ಇವರೇ ಕಾರಣ” ಎಂದುಬಿಟ್ಟರೆ ಆಡಳಿತದವರು ಅರ್ಧ ಗೆದ್ದಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೂಸನ್ನೇ ಜಗಳಕ್ಕೆ ಸಾಕ್ಷಿ ಹಾಕುತ್ತಾರೆ. ಮಹಾಪೀಠ ಕಾರ್ಮಿಕನ ಹಕ್ಕನ್ನು ಮೊಟಕು ಮಾಡದೆಯೇ ಪ್ರಯಾಣಿಕನ ಹಕ್ಕನ್ನು ಉಳಿಸಿತು. ಇದರಿಂದ ಟಿಕೇಟಿನ ಬೆಲೆ ಏರುತ್ತದೆಂದು ಆಕ್ಷೇಪಿಸುವವರಿದ್ದಾರೆ. ಇರಬಹುದು. ಆದರೆ ಆ ಬೆಲೆ ಎಲ್ಲರ ಮೇಲೂ ಹರಡಿ ಬೀಳುತ್ತದೆ; ಬೆಂಚಿನ ಮೇಲೆ ರಾತ್ರಿ ಕಳೆಯುವವನೊಬ್ಬನ ಮೇಲೆ ಅಲ್ಲ.

ಇದು ನಮಗೆ ಸಂಬಂಧಿಸದ ದೂರದ ಸುದ್ದಿಯೂ ಅಲ್ಲ. ಆ ನಿಯಮಾವಳಿ ಪ್ರಯಾಣಿಕನ ದೇಶ ಕೇಳುವುದಿಲ್ಲ. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಹೊರಡುವ ಕನ್ನಡಿಗನಿಗೆ, ವಿಮಾನ ಯಾರದೇ ಆಗಲಿ, ಅದು ಸಲ್ಲುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ವಿಮಾನ ಯೂರೋಪಿನ ಕಂಪೆನಿಯದಾಗಿರಬೇಕು.

ನಮ್ಮಲ್ಲಿಯೂ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ 2010ರಲ್ಲಿ ನಿಯಮ ಮಾಡಿತು. ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಹಣ ವಾಪಸು ಎಂಬುದು ಅದರಲ್ಲಿದೆ. ಆದರೆ ಪರಿಹಾರ ಕೊಡಬೇಕಾಗಿಲ್ಲದ ಕಾರಣಗಳ ಪಟ್ಟಿಯಲ್ಲಿ ಪ್ರಕೃತಿವಿಕೋಪ, ಅಂತರ್ಯುದ್ಧ, ದೊಂಬಿ, ಪ್ರವಾಹಗಳ ಜೊತೆಗೆ ಮುಷ್ಕರವನ್ನೂ ಕಾರ್ಮಿಕ ವಿವಾದವನ್ನೂ ಸೇರಿಸಿಟ್ಟರು. ಯಾರ ಮುಷ್ಕರ, ಯಾರೊಡನೆ ವಿವಾದ ಎಂಬ ಭೇದವನ್ನು ಅಲ್ಲಿ ಮಾಡಲಿಲ್ಲ. 2012ರಲ್ಲಿ ಏರ್ ಇಂಡಿಯಾ ಚಾಲಕರು 58 ದಿನ ಮುಷ್ಕರ ಹೂಡಿದರು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಕ್ಯಾಬಿನ್ ಸಿಬ್ಬಂದಿ, ಜರ್ಮನಿಯವರಂತೆಯೇ, ಒಟ್ಟಿಗೆ ಕಾಯಿಲೆ ಬಿದ್ದರು. ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೊರಟವರು ನಿಲ್ದಾಣಗಳಲ್ಲಿ ಉಳಿದರು. ಗ್ರಾಹಕ ನ್ಯಾಯಾಲಯಗಳ ಬಾಗಿಲು ಅಂಥವರಿಗೆ ತೆರೆದಿದೆ, ನಿಜ. ಅಲ್ಲಿಗೆ ಹೋಗಿ ತಾರೀಖಿನ ಮೇಲೆ ತಾರೀಖು ಪಡೆಯುವಷ್ಟು ಬಿಡುವು ಅವರಲ್ಲಿ ಎಷ್ಟು ಮಂದಿಗೆ ಇದ್ದೀತು?

ಮುಂಬಯಿಯ ಆ ತಾಯಿ ಮರುದಿನ ಮಧ್ಯಾಹ್ನದವರೆಗೆ ಕಾದು, ಕೊನೆಗೆ ಬಸ್ಸು ಹಿಡಿದು ಹೊರಟರು. ಬಸ್‌ನಿಲ್ದಾಣದಲ್ಲಿ ಅವರ ಟ್ರಂಕು ಮೇಲೇರಿಸಲು ನಾನೂ ಕೈ ಹಾಕಿದ್ದೆ, ವಿಳಾಸ ಬರೆದುಕೊಂಡಿದ್ದರು. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂದಿತು. ಮೊಮ್ಮಗು ಹೆಣ್ಣಂತೆ, ತಾವು ತಲುಪುವ ಹಿಂದಿನ ರಾತ್ರಿಯೇ ಹುಟ್ಟಿತಂತೆ. ಟಿಕೇಟಿನ ಹಣ ಇನ್ನೂ ಬಂದಿರಲಿಲ್ಲ.