ವೃಷಣದೊಳಗಿನ ಹಾರ್ಮೋನು, ಸೂಜಿಯೊಳಗಿನ ಹಾರ್ಮೋನು

1849ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಥೋಲ್ಡ್ ಎಳೆಯ ಹುಂಜಗಳ ಬೀಜ ತೆಗೆದು, ಕೆಲವಕ್ಕೆ ಹೊಟ್ಟೆಯೊಳಗೆ ಮತ್ತೆ ನೆಟ್ಟರು. ಬೀಜ ಕಳೆದುಕೊಂಡವು ಸಪ್ಪಗಾದವು. ನೆಡಿಸಿಕೊಂಡವು ಜುಟ್ಟು ಬೆಳೆಸಿದವು, ಕೂಗಿದವು, ಕಾದಾಡಿದವು. ನರದ ನಂಟು ಕಡಿದರೂ ಹೀಗಾಯಿತೆಂದರೆ, ಬೀಜದಿಂದ ಏನೋ ರಕ್ತಕ್ಕೆ ಇಳಿಯುತ್ತಿರಬೇಕು. ಆ 'ಏನೋ' 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೋರಿಯ ವೃಷಣದಿಂದ ಹರಳಾಗಿ ಕೈಗೆ ಬಂತು: ಟೆಸ್ಟೊಸ್ಟೆರೋನ್.

ಗಂಡಸುತನದ ಹಾರ್ಮೋನು ಸಿಕ್ಕಿದ ಮೇಲೆ ಸಂತಾನವೂ ಸಿಕ್ಕೀತು ಎಂದುಕೊಳ್ಳುವುದು ಸಹಜ. ಆದರೆ 1939ರಲ್ಲೇ ಅಮೆರಿಕದ ವೈದ್ಯ ಹೆಕೆಲ್ ತದ್ವಿರುದ್ಧ ಫಲವನ್ನು ವರದಿ ಮಾಡಿದರು. ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಂಡವನ ವೀರ್ಯಾಣುಗಳೇ ಕಡಿಮೆಯಾಗಿದ್ದವು.

ಗುಟ್ಟು ತಲೆಯೊಳಗಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ಕಳಿಸುತ್ತದೆ. ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೊಸ್ಟೆರೋನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಸಾಕುವ ಸರ್ಟೊಲಿ ಕೋಶಗಳನ್ನು ನೋಡಿಕೊಳ್ಳುತ್ತದೆ. ಇವೆರಡಕ್ಕೂ ಅಪ್ಪಣೆ ಮಿದುಳಿನ ಹೈಪೊಥಾಲಮಸ್‌ನದು. ಆ ಅಪ್ಪಣೆಯ ರಾಸಾಯನಿಕ ರಚನೆಯನ್ನು ಬಿಡಿಸಿದ ಶಾಲಿ ಮತ್ತು ಗಿಲ್ಲೆಮಿನ್ 1977ರಲ್ಲಿ ನೊಬೆಲ್ ಹಂಚಿಕೊಂಡರು. ಆ ಅಪ್ಪಣೆ ಬಿಟ್ಟುಬಿಟ್ಟು ಮಿಡಿದರಷ್ಟೇ ಪಿಟ್ಯುಟರಿ ಓಗೊಡುತ್ತದೆ, ಒಂದೇ ಸಮನೆ ಸುರಿದರೆ ಸುಮ್ಮನಾಗುತ್ತದೆ ಎಂದು ಮರುವರ್ಷ ಅರ್ನ್‌ಸ್ಟ್ ನೋಬಿಲ್ ಕೋತಿಗಳಲ್ಲಿ ತೋರಿಸಿದರು. ವೃಷಣದೊಳಗಿನ ಟೆಸ್ಟೊಸ್ಟೆರೋನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ವೀರ್ಯಾಣು ಬೆಳೆಯಲು ಬೇಕಾದದ್ದು ಅದು. ಹೊರಗಿನ ಸೂಜಿ ರಕ್ತವನ್ನಷ್ಟೇ ತುಂಬಿಸುತ್ತದೆ. ರಕ್ತದಲ್ಲಿ ಸಾಕಷ್ಟಿದೆಯೆಂದು ಮಿದುಳು ಅಪ್ಪಣೆ ನಿಲ್ಲಿಸುತ್ತದೆ, ವೃಷಣದೊಳಗೆ ಬರ ಬೀಳುತ್ತದೆ.

ಎಫ್‌ಎಸ್‌ಎಚ್ ಎಷ್ಟು ಮುಖ್ಯ ಎಂಬ ಪ್ರಶ್ನೆಗೆ ಬೆಂಗಳೂರಿನದೊಂದು ಉತ್ತರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಗಂಡು ಕೋತಿಗಳಿಗೆ ಕುರಿಯ ಎಫ್‌ಎಸ್‌ಎಚ್‌ನ ಲಸಿಕೆ ಕೊಟ್ಟು, ಅವುಗಳ ದೇಹವೇ ತನ್ನ ಎಫ್‌ಎಸ್‌ಎಚ್ ಅನ್ನು ತಟಸ್ಥಗೊಳಿಸುವಂತೆ ಮಾಡಿದರು. ಟೆಸ್ಟೊಸ್ಟೆರೋನ್ ಕುಗ್ಗಲಿಲ್ಲ, ಸಂತಾನಶಕ್ತಿ ಕುಗ್ಗಿತು. 1997ರಲ್ಲಿ ಫಿನ್ಲೆಂಡ್‌ನಿಂದ ಬೇರೊಂದು ಸುದ್ದಿ: ಹುಟ್ಟಿನಿಂದಲೇ ಎಫ್‌ಎಸ್‌ಎಚ್‌ಗೆ ಸ್ಪಂದಿಸದ ಐವರು ಗಂಡಸರಲ್ಲಿ ವೀರ್ಯಾಣು ಸೊರಗಿದ್ದವು, ಆದರೆ ಇದ್ದವು. ಇವೆರಡನ್ನೂ ಜೊತೆಗಿಟ್ಟು ಓದಿದರೆ, ಎಫ್‌ಎಸ್‌ಎಚ್ ವೀರ್ಯಾಣುಗಳ ಸಂಖ್ಯೆ ಮತ್ತು ಗುಣಕ್ಕೆ ಬೇಕು, ಆದರೆ ಅದೊಂದಿಲ್ಲದಿದ್ದರೆ ಎಲ್ಲವೂ ನಿಲ್ಲುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಚಿಕಿತ್ಸೆಯ ಮಾತು ಬಂದರೆ, ಹಾರ್ಮೋನು ಕೊಟ್ಟು ಗೆಲ್ಲಬಲ್ಲ ಬಂಜೆತನ ಕಡಿಮೆ. ಎಫ್‌ಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ವೃಷಣವೇ ಸೋತಿರುತ್ತದೆ; ಬಹಳಷ್ಟು ಗಂಡಸರಲ್ಲಿ ಹಾರ್ಮೋನುಗಳೆಲ್ಲ ಸರಿಯಾಗಿದ್ದೂ ಕಾರಣ ಸಿಗುವುದಿಲ್ಲ. ಆದರೆ ಕಾಲ್‌ಮನ್ ಸಿಂಡ್ರೋಮ್‌ನಂತೆ ಮಿದುಳಿನ ಅಪ್ಪಣೆಯೇ ಇಲ್ಲದವರಿಗೆ ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಚುಚ್ಚುಮದ್ದು ತಿಂಗಳುಗಟ್ಟಲೆ ಕೊಟ್ಟರೆ ವೀರ್ಯಾಣು ಮೂಡುತ್ತವೆ, ಎಷ್ಟೋ ಮಂದಿ ತಂದೆಯಾಗುತ್ತಾರೆ. ಈ ಕ್ಷೇತ್ರದ ಅತ್ಯಂತ ಸುಂದರ ಗೆಲುವು ಇದೇ.

ನನ್ನನ್ನು ಕಾಡುವುದು ಇದರ ಮಗ್ಗುಲಿನ ಸಂಗತಿ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರೋನ್ ಕೊಟ್ಟಾಗ 157 ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ಅದು ಗರ್ಭನಿರೋಧಕದ ಪರೀಕ್ಷೆ. ಜಿಮ್‌ನಲ್ಲಿ ತೋಳು ಬೆಳೆಸಲು ಅದೇ ಮದ್ದನ್ನು ಚುಚ್ಚಿಸಿಕೊಳ್ಳುವ ಹುಡುಗನಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತವೆ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಬೇಕು; ಪಿಟ್ಯುಟರಿ ಎಚ್ಚೆತ್ತುಕೊಳ್ಳಲು ಕೆಲವರಿಗೆ ವರ್ಷವೇ ಹಿಡಿಯುತ್ತದೆ.