ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು?



ಈ ಹೊತ್ತು ಗೊಬ್ಬರದ ಮಾತು, ಬಿತ್ತನೆಯ ಮಾತು ಸ್ವಲ್ಪ ಬದಿಗಿಟ್ಟು ಹೊಳೆಯ ಮಾತು ಆಡೋಣ. ನಮ್ಮ ಹೊಳೆಗಳ ಮೇಲೆ ಒಂದು ಬುಟ್ಟಿ ತೇಲುತ್ತದೆ. ಕೆಲವು ಕಡೆ ಅದನ್ನು ಹರಿಗೋಲು ಎನ್ನುತ್ತಾರೆ, ಕೆಲವು ಕಡೆ ತೆಪ್ಪ ಎನ್ನುತ್ತಾರೆ, ಬಳ್ಳಾರಿ ಸೀಮೆಯಲ್ಲಿ ಪುಟ್ಟಿ ಅಂತಲೂ ಕರೆಯುವುದುಂಟು. ಅದರ ಚರಿತ್ರೆ ಬಹಳ ಹಳೆಯದು. ಆ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ನನ್ನ ಗೆಳೆಯನೊಬ್ಬ ಕೇಳಿದ ಒಂದು ಪ್ರಶ್ನೆಯಿಂದ.

ಸುಮಾರು 30 ವರ್ಷದ ಹಿಂದಿನ ಸಂಗತಿ. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ನನ್ನ ಸೋದರಮಾವ ಮೀನು ಹಿಡಿಯುತ್ತಿದ್ದರು. ನಾನು ಹುಟ್ಟು ಹಾಕುವುದನ್ನು ಕಲಿತದ್ದು ಅವರ ಕೈಕೆಳಗೆ. ಒಂದು ವರ್ಷ ಮಳೆ ಕೈಕೊಟ್ಟಿತು, ಜೋಳ ತೆನೆ ಕಟ್ಟಲಿಲ್ಲ. ನನ್ನ ಗೆಳೆಯ ಮಳೆಯನ್ನೇ ನಂಬಿದ ಬೇಸಾಯಗಾರ. ಒಂದು ಸಂಜೆ ಬಂದು, “ನನಗೂ ಮೀನು ಹಿಡಿಯೋದು ಕಲಿಸಪಾ. ಮನ್ಯಾಗ ಕಾಳಿಲ್ಲ” ಎಂದ. ದಡಕ್ಕೆ ಕರೆದುಕೊಂಡು ಹೋದೆ. ಬೋರಲು ಹಾಕಿದ್ದ ಹರಿಗೋಲನ್ನು ತಿರುಗಿಸಿ ನೀರಿಗೆ ತಳ್ಳಿದೆ. ಅವನು ಎಲ್ಲಾ ಕಡೆಯಿಂದಲೂ ನೋಡಿ, “ಅಲ್ಲಪಾ, ಇದಕ್ಕ ಮುಂದ ಯಾವುದು, ಹಿಂದ ಯಾವುದು?” ಅಂತ ಕೇಳಿದ.

ನಾನು ನಕ್ಕುಬಿಟ್ಟೆ. ಆದರೆ ಇದೇ ಮಾತನ್ನು ಸುಮಾರು 2400 ವರ್ಷಗಳ ಹಿಂದೆ ಒಬ್ಬ ಚರಿತ್ರೆಕಾರ ಬರೆದಿಟ್ಟಿದ್ದಾನೆಂದು ನನಗೆ ಆಮೇಲೆ ತಿಳಿಯಿತು. ಅವನ ಹೆಸರು ಹೆರೊಡೋಟಸ್, ಗ್ರೀಕ್ ದೇಶದವನು. ಇಂದಿನ ಇರಾಕ್ ದೇಶದಲ್ಲಿದ್ದ ಬಾಬಿಲೋನ್ ಪಟ್ಟಣಕ್ಕೆ ಹೊಳೆಯ ಮೇಲೆ ದುಂಡನೆಯ ತೊಗಲು ದೋಣಿಗಳು ಬರುತ್ತವೆ, ಅವು ಗುರಾಣಿಯಂತೆ ಇವೆ, ಅವಕ್ಕೆ ಮೂತಿಯೂ ಇಲ್ಲ ಬಾಲವೂ ಇಲ್ಲ ಎಂದು ಅವನು ಹೇಳುತ್ತಾನೆ. ಮೇಲಿನ ಸೀಮೆಯ ವ್ಯಾಪಾರಿಗಳು ಸರಕಿನ ಜೊತೆಗೆ ದೋಣಿಯಲ್ಲಿ ಒಂದು ಕತ್ತೆಯನ್ನೂ ಕೂಡಿಸಿಕೊಂಡು ಬರುತ್ತಿದ್ದರಂತೆ. ಪಟ್ಟಣದಲ್ಲಿ ಸರಕು ಮಾರಿ, ದೋಣಿಯ ಕಡ್ಡಿಗಳನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಹೋಗುತ್ತಿದ್ದರಂತೆ. ಹೊಳೆಯ ಸೆಳವಿಗೆ ಎದುರಾಗಿ ದುಂಡನೆಯ ದೋಣಿಯನ್ನು ಒಯ್ಯುವುದು ಆಗದ ಮಾತು, ನೋಡಿ.

ಅದಕ್ಕೂ ಹಿಂದೆ, ಕ್ರಿಸ್ತಪೂರ್ವ 700ರ ಸುಮಾರಿಗೆ, ಅದೇ ಸೀಮೆಯ ನಿನೆವೆ ಪಟ್ಟಣದ ಅರಮನೆಯ ಕಲ್ಲಿನಲ್ಲಿ ಇಂಥ ದುಂಡು ದೋಣಿಯನ್ನು ಕೆತ್ತಿದ್ದಾರೆ. ಅದರ ಹತ್ತಿರವೇ ಗಾಳಿ ತುಂಬಿದ ತೊಗಲಿನ ಮೇಲೆ ಕುಳಿತು ಮೀನು ಹಿಡಿಯುವವನ ಚಿತ್ರವೂ ಇದೆ. ಸಣ್ಣದೊಂದು ತೇಲುವ ವಸ್ತುವಿನ ಮೇಲೆ ಕುಳಿತು ಹೊಟ್ಟೆ ಹೊರೆಯುವುದು ಎಷ್ಟು ಹಳೆಯ ಕಸುಬು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಇನ್ನು ನಮ್ಮ ನಾಡಿಗೆ ಬರೋಣ. 12ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ಒಬ್ಬರು. ಹುಟ್ಟು ಹಾಕಿ ಹೊಳೆ ದಾಟಿಸುವುದು ಅವರ ಕಾಯಕ. 1520ರ ಸುಮಾರಿಗೆ ಪೋರ್ಚುಗೀಸ್ ದೇಶದ ದೊಮಿಂಗೊ ಪಾಯೆಸ್ ಎಂಬವನು ವಿಜಯನಗರಕ್ಕೆ ಬಂದ. ಆಗ ಕೃಷ್ಣದೇವರಾಯನ ಆಳ್ವಿಕೆ. ಜನರು ಆನೆಗೊಂದಿಗೆ ಬುಟ್ಟಿಯಂಥ ದೋಣಿಗಳಲ್ಲಿ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ತೊಗಲು, ಒಂದೊಂದರಲ್ಲಿ 15-20 ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು ಎಂದು ಅವನು ಬರೆದಿದ್ದಾನೆ. ಈ ದೋಣಿಗಳು ನೆಟ್ಟಗೆ ಹೋಗದೆ ಯಾವಾಗಲೂ ತಿರುಗುತ್ತಲೇ ಇರುತ್ತವೆ ಎಂದೂ ಹೇಳಿದ್ದಾನೆ. ಅವನು ಕಂಡ ಆ ಬುಟ್ಟಿಯನ್ನು ಇಂದಿಗೂ ಹಂಪಿಯ ಹೊಳೆಯಲ್ಲಿ ಕಾಣಬಹುದು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಕೂಡ ಹೊಳೆ ದಾಟಲು ಇಂಥ ಬುಟ್ಟಿ ದೋಣಿಗಳನ್ನೇ ಕಟ್ಟಿಸಿದ.

ಇಷ್ಟು ಕಾಲ ಈ ಬುಟ್ಟಿ ಉಳಿದದ್ದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಹೊಳೆಗಳ ತುಂಬ ಬಂಡೆಗಳು. ಮರದ ದೋಣಿ ಬಂಡೆಗೆ ಬಡಿದರೆ ಒಡೆಯುತ್ತದೆ. ಬಿದಿರಿನ ಬುಟ್ಟಿ ಬಳುಕಿ ಜಾರಿಕೊಳ್ಳುತ್ತದೆ. ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ. ಬಿದಿರೂ ತೊಗಲೂ ಆಗ ಊರಿನಲ್ಲೇ ಸಿಗುತ್ತಿದ್ದವು, ಹೆಣೆಯುವ ಕೈಯೂ ಊರಿನಲ್ಲೇ ಇತ್ತು. ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಡಾಂಬರು ಬಂದಿದೆ, ಕೆಲವು ಕಡೆ ಫೈಬರ್ ಬುಟ್ಟಿಯೂ ಬಂದಿದೆ. ಆಕಾರ ಮಾತ್ರ ಅದೇ.

ಬೇರೆ ದೇಶದ ಬಡವರೂ ಹೀಗೆಯೇ ತಮ್ಮ ನೀರಿಗೆ ತಕ್ಕ ದೋಣಿ ಮಾಡಿಕೊಂಡರು. ಹಿಮದ ನಾಡಾದ ಗ್ರೀನ್‌ಲ್ಯಾಂಡಿನಲ್ಲಿ ಇನ್ಯೂಟ್ ಜನ ಕಯಾಕ್ ಎಂಬ ಕಿರಿದಾದ ಉದ್ದ ದೋಣಿ ಕಟ್ಟಿದರು. ಅದರಲ್ಲಿ ಒಬ್ಬನೇ ಕೂರಬೇಕು. ಅಲ್ಲಿ ದೊಡ್ಡ ಮರಗಳಿಲ್ಲ. ಕಡಲು ದಡಕ್ಕೆ ತಂದು ಹಾಕಿದ ಕಟ್ಟಿಗೆಯಿಂದ ಗಂಡಸರು ಚೌಕಟ್ಟು ಕಟ್ಟುತ್ತಿದ್ದರು. ಅದಕ್ಕೆ ಸೀಲ್ ಎಂಬ ಕಡಲ ಪ್ರಾಣಿಯ ತೊಗಲನ್ನು ಹೆಂಗಸರು ನೀರಿಳಿಯದಂತೆ ಹೊಲಿಯುತ್ತಿದ್ದರು. ಕೂರುವವನ ಮೈಯ ಅಳತೆಗೇ ದೋಣಿ. ಮಗುಚಿದರೆ ಹುಟ್ಟಿನ ಒಂದೇ ಬೀಸಿನಿಂದ ಮತ್ತೆ ಮೇಲೇಳುವುದನ್ನು ಹುಡುಗರಿಗೆ ಚಿಕ್ಕಂದಿನಲ್ಲೇ ಕಲಿಸುತ್ತಿದ್ದರು. ಆದರೂ ಆ ನಾಡಿನಲ್ಲಿ ಕಯಾಕಿನಿಂದ ಮುಳುಗಿ ಸತ್ತ ಗಂಡಸರು ಬಹಳ. ಈಗ ಅದೇ ಮಾದರಿಯ ಪ್ಲಾಸ್ಟಿಕ್ ದೋಣಿಯಲ್ಲಿ ಪಟ್ಟಣದವರು ವಿನೋದಕ್ಕೆ ಮೀನು ಹಿಡಿಯುತ್ತಾರೆ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ನಮ್ಮ ಹರಿಗೋಲಿನ ತಮ್ಮನಂಥ ಬುಟ್ಟಿ ದೋಣಿಗಳಿವೆ. ಟೈವಿ, ಟಾವಿ ಎಂಬ ಹೊಳೆಗಳಲ್ಲಿ ಅವುಗಳಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದರು. ಅಲ್ಲಿಯ ಪದ್ಧತಿ ನನಗೆ ಬಹಳ ಹಿಡಿಸಿತು. ಎರಡು ಬುಟ್ಟಿ, ಒಂದೊಂದರಲ್ಲಿ ಒಬ್ಬೊಬ್ಬ, ಇಬ್ಬರ ನಡುವೆ ಒಂದೇ ಬಲೆ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ಬಲೆಯ ಹಗ್ಗ. ಇಬ್ಬರೂ ಸೆಳವಿನೊಡನೆ ಕೆಳಗೆ ತೇಲುತ್ತಾರೆ. ಆಮೇಲೆ ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ದಡದ ಮೇಲೆ ನಡೆದು ಮತ್ತೆ ಮೇಲಕ್ಕೆ ಬರುತ್ತಾರೆ. ಒಬ್ಬನಿಂದ ಆಗುವ ಕೆಲಸವಲ್ಲ ಅದು.

ಈಗ ನನ್ನ ಗೆಳೆಯನ ಕಥೆಗೆ ಬರುತ್ತೇನೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು, 1953ರಲ್ಲಿ ನೀರು ನಿಂತಿತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೀರು ಹರಡುತ್ತಿತ್ತು. ಹಳ್ಳಿಗಳು, ಹೊಲಗಳು, ತೋಪುಗಳು ಒಳಗೆ ಹೋದವು. ಹೊಳೆ ದಾಟಿಸುತ್ತಿದ್ದ ಹರಿಗೋಲಿಗೆ ಈಗ ದೊಡ್ಡ ಕೆರೆಯೊಂದು ಸಿಕ್ಕಿತು, ಮೀನು ಹಿಡಿಯುವ ಕೆಲಸ ಹೆಚ್ಚಿತು. ಗಂಗಾನದಿಯ ಮೂಲದ ಕಾಟ್ಲಾ, ರೋಹು ಮೀನುಗಳ ಮರಿ ಬಿಟ್ಟರು. ಆಂಧ್ರದ ಕಡೆಯಿಂದಲೂ ಮೀನುಗಾರರು ಬಂದು ನೆಲೆಸಿದರು. ನನ್ನ ಗೆಳೆಯನ ತಂದೆಯ ಹೊಲವೂ ಆ ನೀರಿನಲ್ಲೇ ಮುಳುಗಿತ್ತು. ಆದ್ದರಿಂದ ಅವನ ಮನೆಯವರು ನೀರಿನ ಕಡೆ ತಲೆಹಾಕಿ ಮಲಗುತ್ತಿರಲಿಲ್ಲ. ಅವನು ನನ್ನ ಹತ್ತಿರ ಬಂದದ್ದು ಸಣ್ಣ ಮಾತಲ್ಲ.

ಮೊದಲ ದಿನ ಬಲೆಯನ್ನು ಮುಟ್ಟಗೊಡಲಿಲ್ಲ. ಹರಿಗೋಲು ಹತ್ತುವುದನ್ನು ಮಾತ್ರ ಕಲಿಸಿದೆ. ಅಂಚಿನ ಮೇಲೆ ಕಾಲಿಡಬಾರದು, ನಟ್ಟನಡುವೆ ಇಡಬೇಕು, ಇಟ್ಟ ಕೂಡಲೇ ಕುಕ್ಕರುಗಾಲಿನಲ್ಲಿ ಕೂರಬೇಕು. ಎರಡನೆಯ ದಿನ ಹುಟ್ಟು ಕೊಟ್ಟೆ. ಅವನು ಪಕ್ಕದಲ್ಲಿ ಹಾಕಿದ. ಬುಟ್ಟಿ ಗಾಣದೆತ್ತಿನಂತೆ ಸುತ್ತಿತು. “ತಲಿ ತಿರುಗತೈತಿ ಮಾರಾಯಾ!” ಎಂದ. ಆಗ ಹೇಳಿದೆ: “ನೀ ಯಾವ ಕಡೆ ಮುಖ ಮಾಡಿ ಕುಂತೀಯೋ ಅದೇ ಇದಕ್ಕ ಮುಂದ. ಹುಟ್ಟು ಪಕ್ಕಕ್ಕ ಹಾಕಬ್ಯಾಡ, ಎದುರಿಗೆ ಹಾಕು. ನೀರನ್ನ ನಿನ್ನ ಕಡೆ ಎಳಕೋ. ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ.” ಅಂತೂ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ವಾರಕ್ಕೆ ಬುಟ್ಟಿ ಅವನ ಮಾತು ಕೇಳತೊಡಗಿತು.

ಆಮೇಲೆ ಬಲೆ. ಸಂಜೆ ಬಲೆ ಬಿಟ್ಟು ಬರುವುದು, ಬೆಳಕು ಹರಿಯುವಾಗ ಎತ್ತುವುದು. ಒಂದು ಬೆಳಗ್ಗೆ ಬಲೆ ಕೆಳಗೆ ಏನಕ್ಕೋ ಸಿಕ್ಕಿಕೊಂಡಿತು. ಗಾಳಿ ಬೇರೆ ಎದ್ದಿತ್ತು. ಹೊಳೆಯ ನೀರಿನಂತಲ್ಲ ಜಲಾಶಯದ ನೀರು. ಗಾಳಿಗೆ ಅಲೆ ಏಳುತ್ತದೆ, ದಡ ದೂರ. ಗೆಳೆಯ ಹೊಸ ಬಲೆ ಹರಿದೀತೆಂಬ ಆತುರದಲ್ಲಿ ಎದ್ದು ನಿಂತು ಎರಡು ಕೈಯಲ್ಲಿ ಜಗ್ಗಿದ. ಬುಟ್ಟಿಯ ಅಂಚು ನೀರಿಗೆ ತಾಗಿ ನೀರು ಒಳಗೆ ನುಗ್ಗಿತು. “ಕೂಡೋ!” ಎಂದು ಕೂಗಿದೆ. ಪುಣ್ಯಕ್ಕೆ ಕುಕ್ಕರಿಸಿದ. ನಾನು ಕುಡುಗೋಲಿನಿಂದ ಬಲೆಯ ಹಗ್ಗ ಕತ್ತರಿಸಿದೆ. ತಂಬಿಗೆಯಿಂದ ನೀರು ಮೊಗೆದು ಹಾಕಿದೆವು. ಅರ್ಧ ಬಲೆ ಹೋಯಿತು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನು ದಡದ ಗುಡ್ಡವನ್ನೂ ಆಚೆಯ ಗುಡಿಯ ಶಿಖರವನ್ನೂ ನೋಡಿ ಗುರುತು ಹಿಡಿದ. “ಇಲ್ಲೇ ಬನ್ನಿ ಗಿಡ ಇತ್ತಪಾ. ನಮ್ಮ ಹೊಲದ ಬದುವಿನ ಮ್ಯಾಲೆ. ಬ್ಯಾಸಗಿಯಾಗ ನೀರು ಸರಿದಾಗ ಅದರ ಮೋಟು ಕಾಣತಿತ್ತು. ದಸರಾದಾಗ ಅಪ್ಪ ಅದಕ್ಕ ಪೂಜಿ ಮಾಡತಿದ್ದ” ಎಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. “ನಿಮ್ಮಪ್ಪನ ಹೊಲದಾಗ ಬಿತ್ತೀದಿ. ಫಲ ಬರತೈತಿ ಬಿಡು” ಎಂದೆ. ಅವನು ಹುಟ್ಟು ತೆಗೆದುಕೊಂಡು ತಾನೇ ದಡಕ್ಕೆ ನಡೆಸಿದ.

ಆ ವರ್ಷ ಅವನ ಮನೆ ಮೀನಿನಿಂದ ನಡೆಯಿತು. ಮುಂದಿನ ವರ್ಷ ಮಳೆ ಬಂತು, ಜೋಳವೂ ಬಂತು. ಆದರೂ ಹರಿಗೋಲು ಬಿಡಲಿಲ್ಲ. ಹೊಲ ಮೈ ಮುರಿದು ಮಲಗಿದಾಗ ನೀರು, ನೀರು ಇಳಿದಾಗ ಹೊಲ, ಹೀಗೆ ಎರಡನ್ನೂ ಮಾಡಿಕೊಂಡು ಮಕ್ಕಳನ್ನು ಓದಿಸಿದ.

ಹಿನ್ನೀರಿನ ಹತ್ತಿರ ಇರುವ ಬಾಂಧವರು ಈ ಕೆಲವು ಮಾತುಗಳನ್ನು ನೆನಪಿಡಬೇಕು. ಹೊಸಬನನ್ನು ಒಬ್ಬನೇ ನೀರಿಗೆ ಕಳಿಸಬೇಡಿ, ತಿಳಿದವರೊಬ್ಬರು ಜೊತೆಗಿರಲಿ. ಗಾಳಿ ಏಳುವ ಲಕ್ಷಣ ಕಂಡರೆ ದಡ ಸೇರಿ. ಬಲೆಯ ಹಗ್ಗವನ್ನು ಕೈಗೆ ಕಾಲಿಗೆ ಸುತ್ತಿಕೊಳ್ಳಬೇಡಿ, ಕತ್ತರಿಸಲು ಒಂದು ಚೂರಿಯೋ ಕುಡುಗೋಲೋ ಕೈಗೆಟುಕುವಂತೆ ಇರಲಿ. ಬಲೆ ಹೋದರೆ ಇನ್ನೊಂದು ಬಲೆ ತರಬಹುದು. ತೇಲುವ ಅಂಗಿ ಸಿಗುತ್ತದೆ, ಈಜು ಬರುವವರೂ ತೊಟ್ಟುಕೊಳ್ಳಿ. ಪರವಾನಗಿ ಪಡೆದು ಹಿಡಿಯಿರಿ. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆ ಇಡಲು ಏರಿ ಬರುತ್ತವೆ, ಆಗ ಬಲೆ ಹಾಕುವುದೆಂದರೆ ಬಿತ್ತನೆಯ ಕಾಳನ್ನು ಬೀಸಿ ರೊಟ್ಟಿ ಮಾಡಿದ ಹಾಗೆ.

ಬಿದಿರಿಗೆ ಬೆಲೆ ಕಡಿಮೆ, ಹಾಳೆಗೆ ಬೆಲೆ ಕಡಿಮೆ. ಆದರೆ ಹುಟ್ಟು ಹಿಡಿಯುವ ಕೈ ಅಂಗಡಿಯಲ್ಲಿ ಸಿಗುವುದಿಲ್ಲ. ಬಾಬಿಲೋನಿನ ವ್ಯಾಪಾರಿಗೂ, ಆನೆಗೊಂದಿಯ ಅಂಬಿಗನಿಗೂ, ನನಗೂ ಯಾರೋ ಒಬ್ಬರು ಜೊತೆಯಲ್ಲಿ ಕುಳಿತು ಕಲಿಸಿದ್ದಾರೆ.

ಹೋದ ತಿಂಗಳು ದಡಕ್ಕೆ ಹೋಗಿದ್ದೆ. ನನ್ನ ಗೆಳೆಯ, ಈಗ ತಲೆ ಪೂರಾ ಬೆಳ್ಳಗಾಗಿದೆ, ಒಬ್ಬ ಎಳೆಯ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡಿದ್ದ. ಹುಡುಗ ಕೇಳುತ್ತಿದ್ದ: “ತಾತಾ, ಇದಕ್ಕ ಮುಂದ ಯಾವುದು?”

ನನ್ನ ಗೆಳೆಯ ನನ್ನನ್ನು ನೋಡಿ ನಕ್ಕ. “ಕೂಡು ತಮ್ಮಾ, ಮೊದಲ ನೀನು ಕೂಡು. ಆಮ್ಯಾಲೆ ಹೇಳತೀನಿ” ಎಂದ.