ಗಾಯ ಮಾಯ್ದ ಮೇಲೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಾರರಲ್ಲಿ ಅಟ್ಟವಿಲ್ಲದ ಮನೆ ಅಪರೂಪ. ಸುಲಿಯದ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಗುಡುಗುಡು ಎನ್ನುವವರೆಗೆ ತಿಂಗಳುಗಟ್ಟಲೆ ಕಾಯುವುದು ಇಲ್ಲಿಯ ಉಂಡೆ ಕೊಬ್ಬರಿಯ ಕ್ರಮ. ಅಟ್ಟವೆಂದ ಮೇಲೆ ಏಣಿ. ಏಣಿಯೆಂದ ಮೇಲೆ ಅದನ್ನು ಹತ್ತುವ ಮಕ್ಕಳು. ಬಿದ್ದ ಮಗು ಅತ್ತು, ಒಮ್ಮೆ ವಾಂತಿ ಮಾಡಿ, ಮಲಗಿ ಎದ್ದು ಮತ್ತೆ ಆಡತೊಡಗಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ‘ಎಳೆಯ ಮೂಳೆ, ಬೇಗ ಕೂಡುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮೂಳೆಯ ಮಟ್ಟಿಗೆ ಆ ಮಾತು ನಿಜ. ಬುರುಡೆಯ ಒಳಗಿರುವ ಮೆದುಳಿನ ಮಟ್ಟಿಗೂ ಅದು ನಿಜವೆಂದು ವೈದ್ಯವಿಜ್ಞಾನವೇ ಒಂದು ಕಾಲದಲ್ಲಿ ನಂಬಿತ್ತು. ಆ ನಂಬಿಕೆ ಹುಟ್ಟಿ ಸಡಿಲಗೊಂಡ ಕಥೆಯನ್ನು ಮಕ್ಕಳಿರುವ ಮನೆಯವರು ತಿಳಿದಿರುವುದು ಲೇಸು.

ತೆಂಗಿನ ನಾಡಿನವರಾದ ನಮಗೆ ತಲೆಗೆ ಪೆಟ್ಟು ಎಂದೊಡನೆ ನೆನಪಾಗುವುದು ಮರದಿಂದ ಉದುರುವ ಕಾಯಿ. ಇದರ ಬಗೆಗೂ ಸಂಶೋಧನೆ ನಡೆದಿದೆ. ಪಪುವಾ ನ್ಯೂಗಿನಿ ದೇಶದ ಒಂದು ಪ್ರಾಂತೀಯ ಆಸ್ಪತ್ರೆಯಲ್ಲಿ ಪೀಟರ್ ಬಾರ್ಸ್ ಎಂಬ ವೈದ್ಯರು ನಾಲ್ಕು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ, ಗಾಯಗೊಂಡು ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿ ಬೀಳುವ ಕಾಯಿಯ ಪೆಟ್ಟು ತಿಂದವರೆಂದು 1984ರಲ್ಲಿ ಪ್ರಕಟಿಸಿದರು. 2001ರಲ್ಲಿ ಅದಕ್ಕೆ ‘ಇಗ್ ನೊಬೆಲ್’ ಎಂಬ ವಿನೋದದ ಪ್ರಶಸ್ತಿ ಬಂತು. ನಕ್ಕವರು ತೆಂಗಿನ ಮರದ ಕೆಳಗೆ ಬದುಕಿದವರಲ್ಲವೆಂದು ಕಾಣುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 150 ಮಂದಿ ತೆಂಗಿನಕಾಯಿ ಬಿದ್ದು ಸಾಯುತ್ತಾರೆಂದು ಪತ್ರಿಕೆಗಳಲ್ಲಿ ಓದಿರುತ್ತೇವಲ್ಲ, ಆ ಅಂಕಿಗೆ ಮಾತ್ರ ಆಧಾರವಿಲ್ಲ.

ನಮ್ಮ ನಾಡಿನ ಲೆಕ್ಕ ಬೇರೆಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಭಾರತದಲ್ಲಿ ಎಲ್ಲ ವಯಸ್ಸಿನವರ ಮೆದುಳಿನ ಗಾಯಗಳಲ್ಲಿ ಶೇ. 60ಕ್ಕೆ ರಸ್ತೆ ಅಪಘಾತವೂ ಶೇ. 20ರಿಂದ 25ಕ್ಕೆ ಬೀಳುವಿಕೆಯೂ ಕಾರಣ. ಚಿಕ್ಕ ಮಕ್ಕಳಲ್ಲಿ ಬೀಳುವಿಕೆಯ ಪಾಲು ಇನ್ನೂ ಹೆಚ್ಚು. ಅಟ್ಟ, ತಾರಸಿ, ಮರ, ಎತ್ತಿಕೊಂಡವರ ಕೈ.

ನಿಮ್ಹಾನ್ಸ್ ಎಂದರೆ ಮಾನಸಿಕ ರೋಗಿಗಳ ಆಸ್ಪತ್ರೆಯೆಂದೇ ನಮ್ಮ ಊರುಗಳಲ್ಲಿ ಬಹುಕಾಲ ತಿಳಿದಿದ್ದರು. ಅದರ ಮೂಲ ಅದೇ. ಡಾ. ಫ್ರಾಂಕ್ ನೊರೋನ್ಹಾ ಅವರ ಕಾಲದಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಗಿದ್ದ ಅದು 1930ರ ದಶಕದಲ್ಲಿ ಇಂದಿನ ವಿಶಾಲವಾದ ಆವರಣಕ್ಕೆ ಬಂತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, 1958ರಲ್ಲಿ ಡಾ. ಆರ್. ಎಂ. ವರ್ಮ ಅವರು ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಕಟ್ಟತೊಡಗಿದರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರು ಬಂತು. ಮನಸ್ಸಿನ ಚಿಕಿತ್ಸೆಯೂ ಮೆದುಳಿನ ಶಸ್ತ್ರಚಿಕಿತ್ಸೆಯೂ ಒಂದೇ ಆವರಣದಲ್ಲಿ ಕೂಡಿಬಂದದ್ದು ತಲೆಗೆ ಪೆಟ್ಟು ಬಿದ್ದ ಮಕ್ಕಳ ಪಾಲಿಗೆ ಎಷ್ಟು ದೊಡ್ಡ ಅನುಕೂಲವೆಂಬುದು ಮುಂದೆ ತಿಳಿಯಿತು.

ಅದೇ 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಪ್ರಜ್ಞೆಯನ್ನು ಅಳೆಯುವ ಒಂದು ಸರಳ ಅಳತೆಗೋಲನ್ನು ಕೊಟ್ಟರು. ಇಂದು ಅದರಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಗಾಯ ತೀವ್ರವೆಂದು ಅರ್ಥ. ಆದರೆ ಮಾತೇ ಬಾರದ ಕೂಸಿಗೆ ಮಾತಿನ ಅಂಕ ಕೊಡುವುದೆಂತು? ಅಳುವಿನ ರೀತಿ, ಸಂತೈಸಿದರೆ ಸುಮ್ಮನಾಗುವುದು ಮುಂತಾದವನ್ನು ಗಮನಿಸುವ ಮಕ್ಕಳ ಅಳತೆಗೋಲುಗಳು ಆಮೇಲೆ ಬಂದವು.

ಮಕ್ಕಳಿಗಾಗಿಯೇ ನಡೆದ ಅತಿ ದೊಡ್ಡ ಅಧ್ಯಯನಗಳಲ್ಲೊಂದು 2009ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. 42,412 ಮಕ್ಕಳನ್ನು ನೋಡಿ, ಯಾವ ಮಗುವಿಗೆ ಸಿ.ಟಿ. ಸ್ಕ್ಯಾನ್ ಬೇಕು, ಯಾವ ಮಗುವನ್ನು ಆ ವಿಕಿರಣದಿಂದ ಉಳಿಸಬಹುದು ಎಂದು ತಿಳಿಯುವ ಲಕ್ಷಣಗಳನ್ನು ಅದು ಗುರುತಿಸಿತು. ಪ್ರಜ್ಞೆ ತಪ್ಪಿದ್ದು, ವಾಂತಿ, ತೀವ್ರ ತಲೆನೋವು, ಎರಡು ವರ್ಷದೊಳಗಿನ ಕೂಸಾದರೆ ಮೂರಡಿಗಿಂತಲೂ ದೊಡ್ಡ ಮಗುವಾದರೆ ಐದಡಿಗಿಂತಲೂ ಎತ್ತರದಿಂದ ಬಿದ್ದದ್ದು ಅವುಗಳಲ್ಲಿ ಕೆಲವು. ನಮ್ಮ ಅಟ್ಟದ ಏಣಿ ಐದಡಿಗೆ ನಿಲ್ಲುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಕೂಸುಗಳ ಪಟ್ಟಿಯಲ್ಲಿ ಇನ್ನೊಂದು ಲಕ್ಷಣವಿದೆ: ‘ಮಗು ಎಂದಿನಂತಿಲ್ಲ’ ಎಂಬ ತಂದೆತಾಯಿಯರ ಮಾತು. ಯಂತ್ರಗಳ ಈ ಕಾಲದಲ್ಲಿ ಹೆತ್ತವಳ ಅನುಮಾನಕ್ಕೂ ವಿಜ್ಞಾನದ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ನನಗೆ ಬಹಳ ಹಿಡಿಸಿದ ಸಂಗತಿ.

ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ. ಪೆಟ್ಟು ತಿಂದ ಮೆದುಳಿಗೆ ಉಸಿರು ಕಟ್ಟಿದರೆ ಅಥವಾ ರಕ್ತದೊತ್ತಡ ಕುಸಿದರೆ ಅದೊಂದು ಎರಡನೆಯ ಗಾಯ. ಮೊದಲ ಗಾಯದಿಂದ ಉಳಿದದ್ದನ್ನು ಅದು ಕೊಂಡೊಯ್ಯುತ್ತದೆ. ಆದ್ದರಿಂದ ಸಿಕ್ಕಿದ ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ನೇರವಾಗಿ ರಾಜಧಾನಿಗೆ ಓಡುವುದಕ್ಕಿಂತ, ಹತ್ತಿರದ ಆಸ್ಪತ್ರೆಯಲ್ಲಿ ಉಸಿರಾಟವನ್ನು ಭದ್ರಪಡಿಸಿಕೊಂಡು ಮುಂದೆ ಸಾಗುವುದು ಮೇಲು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಇಂತಹ ಹೊತ್ತಿಗೆಂದೇ ಬಂದದ್ದು.

ಇನ್ನು ಮೊದಲು ಹೇಳಿದ ನಂಬಿಕೆಯ ವಿಷಯ. 1936ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಗರೆಟ್ ಕೆನ್ನಾರ್ಡ್ ಎಂಬ ವೈದ್ಯೆ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೆದುಳಿನಲ್ಲಿ ಚಲನೆಯನ್ನು ನಡೆಸುವ ಭಾಗಕ್ಕೆ ಹಾನಿಯಾದಾಗ ಬೆಳೆದ ಕೋತಿಗಳಿಗಿಂತ ಮರಿಗಳು ಚೆನ್ನಾಗಿ ಚೇತರಿಸಿಕೊಂಡಿದ್ದವು. ಕೆನ್ನಾರ್ಡ್ ಎಚ್ಚರದಿಂದಲೇ ಬರೆದಿದ್ದರು. ಆದರೆ ಮುಂದಿನವರು ಅದನ್ನು ‘ಕೆನ್ನಾರ್ಡ್ ತತ್ತ್ವ’ ಎಂದು ಕರೆದು, ಎಳೆಯ ಮೆದುಳು ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತದೆ ಎಂಬಷ್ಟಕ್ಕೆ ಹಿಗ್ಗಿಸಿದರು. ನಮ್ಮ ಅಜ್ಜಿಯಂದಿರೂ ಯೇಲ್ ಪಂಡಿತರೂ ಹೀಗೆ ಒಂದೇ ಮಾತಾಡಿದಂತಾಯಿತು. 1940ರ ದಶಕದಲ್ಲಿಯೇ ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಇದಕ್ಕೆ ಅಪವಾದವೆತ್ತಿದರು: ದೊಡ್ಡವರು ಕಲಿತದ್ದರಲ್ಲಿ ಸ್ವಲ್ಪವನ್ನು ಕಳೆದುಕೊಳ್ಳಬಹುದು, ಮಗುವಾದರೋ ಇನ್ನೂ ಕಲಿಯದ ವಿದ್ಯೆಯ ತಳಪಾಯವನ್ನೇ ಕಳೆದುಕೊಳ್ಳಬಹುದು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ವಿಕಿ ಆ್ಯಂಡರ್ಸನ್ ಮತ್ತು ಸಂಗಡಿಗರು ಗಾಯಗೊಂಡ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ 2005ರಲ್ಲಿ ಬರೆದದ್ದೂ ಇದನ್ನೇ. ತೀರ ಎಳೆಯ ವಯಸ್ಸಿನಲ್ಲಿ ತೀವ್ರವಾದ ಪೆಟ್ಟು ಬಿದ್ದ ಮಕ್ಕಳೇ ಮುಂದೆ ಹೆಚ್ಚು ಹಿಂದುಳಿದರು.

ತೋಟದವರಿಗೆ ಇದು ಹೊಸ ಮಾತಲ್ಲ. ತೆಂಗಿನ ಸುಳಿಯನ್ನು ದುಂಬಿ ಕೊರೆದ ದಿನ ಮರದಲ್ಲಿ ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಾಡಿಸಿದಂತಹ ಗುರುತು ಕಾಣುತ್ತದೆ. ಮೆದುಳಿನ ಮುಂಭಾಗ, ಅಂದರೆ ಗಮನ, ತಾಳ್ಮೆ, ಯೋಜನೆ, ಕೋಪದ ಹಿಡಿತ ಇವುಗಳ ನೆಲೆ, ಇಪ್ಪತ್ತರ ಹರೆಯದವರೆಗೂ ಬಲಿಯುತ್ತಿರುತ್ತದೆ. ಐದರ ವಯಸ್ಸಿನಲ್ಲಿ ಬಿದ್ದ ಮಗು ಎರಡನೆಯ ತರಗತಿಯಲ್ಲಿ ಎಲ್ಲರಂತೆ ಓದಿ, ಎಂಟನೆಯ ತರಗತಿಯಲ್ಲಿ ಬೀಜಗಣಿತ ಬಂದಾಗ ಎಡವಬಹುದು. ಹೇಳಿದ್ದನ್ನು ಮರೆಯಬಹುದು, ಸಣ್ಣ ಮಾತಿಗೆ ಸಿಡಿಯಬಹುದು. ಆಗ ಯಾರಿಗೂ ಆ ಏಣಿಯ ನೆನಪಿರುವುದಿಲ್ಲ. ‘ಸೋಮಾರಿ’, ‘ಹಟಮಾರಿ’ ಎಂಬ ಹೆಸರು ಬೀಳುತ್ತದೆ, ಬೆತ್ತವೂ ಬೀಳುತ್ತದೆ.

ಇದನ್ನು ಅಳೆದು ತಿಳಿಯುವ ಸಾಧನ ನಿಮ್ಹಾನ್ಸ್‌ನಲ್ಲಿಯೇ ಸಿದ್ಧವಾಯಿತು. ಡಾ. ಶೋಭಿನಿ ರಾವ್ ಮತ್ತು ಸಂಗಡಿಗರು ಐದರಿಂದ ಹದಿನೈದು ವರ್ಷದ ಮಕ್ಕಳ ಗಮನ, ನೆನಪು, ಭಾಷೆ, ಯೋಜನಾಶಕ್ತಿಗಳನ್ನು ಪರೀಕ್ಷಿಸುವ ಪರೀಕ್ಷಾಮಾಲೆಯನ್ನು 2004ರಲ್ಲಿ ಹೊರತಂದರು. ಮಗುವಿನ ಮೆದುಳು ಎಲ್ಲಿ ಸೋಲುತ್ತದೆ, ಎಲ್ಲಿ ಗಟ್ಟಿಯಾಗಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಕಾನೂನೂ ಒಂದಷ್ಟು ಹೆಜ್ಜೆ ಇಟ್ಟಿದೆ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷ ಮೀರಿದ ಎಲ್ಲರೂ ಹೆಲ್ಮೆಟ್ ಧರಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೂ ಅಳತೆಗೆ ತಕ್ಕ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ ಎಂಬ ನಿಯಮ 2022ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂತು. ಭಾನುವಾರ ಬೆಳಿಗ್ಗೆ ದೇವಾಲಯದ ಅಂಗಳದಲ್ಲಿ ನಿಂತ ಬೈಕುಗಳನ್ನು ನೋಡಿದರೆ, ತಂದೆಗೊಂದು ಹೆಲ್ಮೆಟ್ ಇದ್ದರೆ ಅದೇ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಅಪಘಾತದಿಂದಾದ ಮೆದುಳಿನ ಗಾಯ ಆ ಹೆಸರಿನಲ್ಲಿ ಅಲ್ಲಿಲ್ಲ. ಕೈಕಾಲಿನದೋ, ಮಾತಿನದೋ, ಕಲಿಕೆಯದೋ ತೊಂದರೆಯೆಂದು ಬೇರೊಂದು ತಲೆಬರಹದ ಕೆಳಗೆ ಆ ಮಗುವಿಗೆ ಜಾಗ ಹುಡುಕಬೇಕು.

ಆರೈಕೆಯ ಬಹುಭಾಗ ನಡೆಯುವುದು ಮನೆಯಲ್ಲಿ. ನಿಮ್ಹಾನ್ಸ್‌ನಲ್ಲಿ ರೂಪಿಸಿದ ಮನೋಶಕ್ತಿಯ ಮರುತರಬೇತಿಯಲ್ಲಿ ಧಾನ್ಯ ಬೇರ್ಪಡಿಸುವುದೂ ಒಂದು ಅಭ್ಯಾಸ. ಮರದಲ್ಲಿ ಎರಡು ಮೂರು ಬಗೆಯ ಕಾಳು ಬೆರೆಸಿ ಮಗುವಿನ ಮುಂದಿಟ್ಟು, ಒಂದೊಂದನ್ನೇ ಆರಿಸಿ ಬೇರೆ ಮಾಡಲು ಹೇಳಿ, ಹಿಡಿದ ಹೊತ್ತನ್ನೂ ಆದ ತಪ್ಪುಗಳನ್ನೂ ಬರೆದಿಡುವುದು. ಅವರೆ, ಹುರುಳಿ, ಅಲಸಂದೆ ಯಾವ ಮನೆಯಲ್ಲಿಲ್ಲ? ಇದನ್ನು ದಿನವೂ ತಪ್ಪದೆ, ವಾರಗಟ್ಟಲೆ ಮಾಡಿಸಬೇಕು. ಜೊತೆಗೆ ಆಸ್ಪತ್ರೆಯಿಂದ ಬರುವಾಗ ಕೊಟ್ಟ ಬಿಡುಗಡೆ ಚೀಟಿಯನ್ನು ಕೊಬ್ಬರಿ ಮಂಡಿಯ ಲೆಕ್ಕದ ಕಾಗದಗಳ ಜೊತೆಗೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಮಗು ಹೊಸ ಶಾಲೆಗೆ ಸೇರಿದಾಗಲೆಲ್ಲ ಅದರದೊಂದು ಪ್ರತಿಯನ್ನು ತರಗತಿಯ ಶಿಕ್ಷಕರ ಕೈಗೆ ಕೊಡಬೇಕು.